ಗೋದಲಿಯಿಂದ ವೇಪೇರಿಗೆ: ಕ್ರೈಸ್ತ ಬೋಧನೆಯಲ್ಲಿ ಪ್ರಾಣಿದಯೆ

ಡಿಸೆಂಬರ್ ಬಂತೆಂದರೆ ನಮ್ಮ ಎದುರು ಮನೆಯ ಆಂಟಿ ಬಾಗಿಲ ಪಕ್ಕದ ಮೂಲೆಯಲ್ಲಿ ಒಣಹುಲ್ಲು, ಮರಳು, ಬಣ್ಣದ ಕಾಗದ ಹರಡಿಕೊಂಡು ಕೂರುತ್ತಾರೆ. ನವರಾತ್ರಿಗೆ ನಾವು ಮೆಟ್ಟಿಲು ಜೋಡಿಸಿ ಗೊಂಬೆ ಕೂರಿಸುತ್ತೇವಲ್ಲ, ಹಾಗೆಯೇ ಅವರು ಕ್ರಿಸ್‌ಮಸ್‌ಗೆ ಒಂದು ಪುಟ್ಟ ಕೊಟ್ಟಿಗೆ ಕಟ್ಟುತ್ತಾರೆ. ತಮಿಳಿನಲ್ಲಿ ಅದಕ್ಕೆ 'ಕುಡಿಲ್' ಎನ್ನುತ್ತಾರೆ. ನಮ್ಮ ಕನ್ನಡ ಕ್ರೈಸ್ತರು ಹೇಳುವ ಮಾತು ಇನ್ನೂ ಚೆನ್ನಾಗಿದೆ: 'ಗೋದಲಿ'. ದನಕ್ಕೆ ಮೇವು ಹಾಕುವ ತೊಟ್ಟಿ ಎಂದು ಅದರ ಅರ್ಥ. ಹುಟ್ಟಿದ ಮಗುವನ್ನು ಮಲಗಿಸಲು ಬೇರೆ ಜಾಗವಿಲ್ಲದೆ ತಾಯಿ ಮರಿಯಳು ಅದನ್ನು ಗೋದಲಿಯಲ್ಲಿ ಮಲಗಿಸಿದಳು ಎಂಬುದು ಕಥೆ.

ಒಂದು ವರ್ಷ ನನ್ನ ಮಗಳು ಅವರ ಪಕ್ಕದಲ್ಲಿ ಕೂತು ಮಣ್ಣಿನ ಹಸುವನ್ನೂ ಕತ್ತೆಯನ್ನೂ ಎಲ್ಲಿಡಬೇಕು ಎಂದು ಕೇಳುತ್ತಿದ್ದಳು. "ಪಾಟಿ, ಇವೆರಡೂ ಕಥೆಯಲ್ಲಿ ಏನು ಮಾಡ್ತವೆ?" ಎಂದಳು. ಆಂಟಿ ನಕ್ಕುಬಿಟ್ಟರು. "ನಿಜ ಹೇಳಲಾ ಕಣ್ಣಾ? ಬೈಬಲ್‌ನಲ್ಲಿ ಬರೆದಿರುವ ಜನನದ ಕಥೆಯಲ್ಲಿ ಇವೆರಡೂ ಇಲ್ಲವೇ ಇಲ್ಲ. ಆದರೂ ಇವಿಲ್ಲದೆ ಕುಡಿಲ್ ಇಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಗ್ರಂಥದಲ್ಲಿಲ್ಲದ ಹಸುವನ್ನು ಮನೆಯೊಳಗೆ ತಂದು ಕೂರಿಸಿದವರು ಯಾರು? ಪ್ರಾಣಿದಯೆ ಎಂದಾಗ ನಮಗೆ ಜೈನರು ನೆನಪಾಗುತ್ತಾರೆ, ಬುದ್ಧ ನೆನಪಾಗುತ್ತಾನೆ, ಶರಣರು ನೆನಪಾಗುತ್ತಾರೆ, ಪುಣ್ಯಕೋಟಿ ನೆನಪಾಗುತ್ತಾಳೆ. ಕ್ರೈಸ್ತ ಧರ್ಮ ಈ ಬಗ್ಗೆ ಏನು ಹೇಳುತ್ತದೆ ಎಂದು ನಾವು ಕೇಳಿಕೊಂಡಿರುವುದು ಕಡಿಮೆ. ಹುಡುಕುತ್ತಾ ಹೋದರೆ ಆ ದಾರಿ ಬೆತ್ಲೆಹೇಮಿನಿಂದ ಹೊರಟು, ಇಟಲಿ, ಲಂಡನ್, ಕಲ್ಕತ್ತಾ ಸುತ್ತಿ, ಕೊನೆಗೆ ನಾವಿರುವ ಈ ಚೆನ್ನೈಗೇ ಬಂದು ಸೇರಿತು.

ಗ್ರಂಥದಲ್ಲಿ ಏನಿದೆ?

ಗೋದಲಿಯ ಹಸು ಮತ್ತು ಕತ್ತೆಯ ಮೂಲ ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿದೆ. ಯೇಸುವಿಗಿಂತ ನೂರಾರು ವರ್ಷ ಹಿಂದೆ ಬಾಳಿದ ಯೆಶಾಯ ಎಂಬ ಪ್ರವಾದಿ ತನ್ನ ಜನರನ್ನು ಬೈಯುತ್ತಾ, ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಗೋದಲಿ ಗೊತ್ತು, ನಿಮಗೆ ಮಾತ್ರ ನಿಮ್ಮ ದೇವರು ಗೊತ್ತಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಗೋದಲಿ ಎಂಬ ಒಂದು ಪದದ ಎಳೆ ಹಿಡಿದು ಭಕ್ತರು ಆ ಎರಡು ಪ್ರಾಣಿಗಳನ್ನು ಯೇಸುವಿನ ಜನನದ ಚಿತ್ರದೊಳಗೆ ತಂದರು.

ಅದೇ ಹಳೆಯ ಒಡಂಬಡಿಕೆಯಲ್ಲಿ ದನಕರುಗಳ ಬಗ್ಗೆ ಇರುವ ನಿಯಮಗಳನ್ನು ಓದಿದರೆ ನಮ್ಮ ಹಳ್ಳಿಯ ಹಿರಿಯರು ಹೇಳಿದ ಮಾತಿನಂತೆಯೇ ಇವೆ. ವಾರಕ್ಕೊಮ್ಮೆ ಬರುವ ಸಬ್ಬತ್ ದಿನ ಮನೆಯವರಿಗೆ ಮಾತ್ರವಲ್ಲ, ಆಳುಗಳಿಗೂ ಎತ್ತು ಕತ್ತೆಗಳಿಗೂ ಬಿಡುವು ಇರಬೇಕು. ಕಣದಲ್ಲಿ ತೆನೆ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದು. ದುಡಿಯುವ ಜೀವ ನಡುನಡುವೆ ಒಂದು ಬಾಯಿ ತಿನ್ನಲಿ. ಒಕ್ಕಣೆ ನೋಡಿ ಬೆಳೆದವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ಗೂಡಿನಲ್ಲಿ ಮರಿಯೋ ಮೊಟ್ಟೆಯೋ ಸಿಕ್ಕರೆ ತಾಯಿಹಕ್ಕಿಯನ್ನು ಜೊತೆಯಲ್ಲಿ ಹಿಡಿಯಬಾರದು. ನೀತಿವಂತನಾದವನು ತನ್ನ ದನದ ಪ್ರಾಣದ ಕಡೆಗೂ ಗಮನ ಕೊಡುತ್ತಾನೆ ಎಂದು ಜ್ಞಾನೋಕ್ತಿಗಳು ಹೇಳುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಮೋಚನಕಾಂಡದ ಒಂದು ನಿಯಮ. ನಿನ್ನನ್ನು ಹಗೆ ಮಾಡುವವನ ಕತ್ತೆ ಹೊರೆಯ ಕೆಳಗೆ ಬಿದ್ದಿರುವುದನ್ನು ಕಂಡರೆ, ನೋಡದವನಂತೆ ಹೋಗಬೇಡ, ಅವನಿಗೆ ನೆರವಾಗಿ ಕತ್ತೆಯನ್ನು ಎಬ್ಬಿಸು ಎನ್ನುತ್ತದೆ ಅದು. ಜಗಳ ಇರುವುದು ಮನುಷ್ಯರ ನಡುವೆ. ಬಿದ್ದಿರುವ ಕತ್ತೆಗೂ ಆ ಜಗಳಕ್ಕೂ ಸಂಬಂಧವಿಲ್ಲ. ಹೊರೆ ಎತ್ತಬೇಕಾದರೆ ಹಗೆಗಳಿಬ್ಬರೂ ಎರಡು ಕಡೆ ಕೈ ಹಾಕಬೇಕು.

ಯೋನನ ಕಥೆಯ ಕೊನೆಯೂ ಹೀಗೆಯೇ ಇದೆ. ನಿನೆವೆ ಪಟ್ಟಣ ನಾಶವಾಗಲಿಲ್ಲವೆಂದು ಯೋನ ಮುನಿಸಿಕೊಂಡು ಕೂತಾಗ, ಲಕ್ಷಕ್ಕೂ ಮೀರಿದ ಮಂದಿ ಇರುವ ಊರಿದು, ಜೊತೆಗೆ ಎಷ್ಟೊಂದು ದನಕರುಗಳೂ ಇವೆ, ನಾನು ಕನಿಕರಪಡಬಾರದೇ ಎಂದು ದೇವರು ಕೇಳುತ್ತಾನೆ. ಇಡೀ ಪುಸ್ತಕ ಮುಗಿಯುವುದೇ ಆ ದನಕರುಗಳ ಮಾತಿನಿಂದ. ಹೊಸ ಒಡಂಬಡಿಕೆಯಲ್ಲಿ ಯೇಸು ಗುಬ್ಬಚ್ಚಿಗಳ ವಿಷಯ ಎತ್ತುತ್ತಾನೆ. ಸಂತೆಯಲ್ಲಿ ಕಾಸಿಗೆ ಎರಡರಂತೆ ಮಾರಾಟವಾಗುವ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲ ಎನ್ನುತ್ತಾನೆ. ಸಬ್ಬತ್ ದಿನ ರೋಗಿಯನ್ನು ಗುಣಪಡಿಸಿದ್ದಕ್ಕೆ ಆಕ್ಷೇಪಿಸಿದವರಿಗೆ, ನಿಮ್ಮ ಎತ್ತು ಬಾವಿಗೆ ಬಿದ್ದರೆ ಆ ದಿನವೂ ಎತ್ತದೆ ಬಿಡುತ್ತೀರಾ ಎಂದು ತಿರುಗಿ ಕೇಳುತ್ತಾನೆ.

ಮಾತು ಮರೆತ ಕಾಲ

ಇಷ್ಟೆಲ್ಲ ಇದ್ದೂ ಚರ್ಚಿನ ಬೋಧನೆ ಬಹುಕಾಲ ಈ ದಾರಿಯಲ್ಲಿ ನಡೆಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಕಣದ ಎತ್ತಿನ ನಿಯಮವನ್ನು ಸಂತ ಪೌಲನೇ ತನ್ನ ಪತ್ರವೊಂದರಲ್ಲಿ ಬೇರೆ ಕಡೆಗೆ ತಿರುಗಿಸಿದ. ದೇವರು ಇದನ್ನು ಹೇಳಿದ್ದು ಎತ್ತುಗಳ ಚಿಂತೆಯಿಂದಲೋ, ನಮಗಾಗಿಯೋ ಎಂದು ಕೇಳಿ, ಬೋಧಕರಿಗೆ ಊರವರು ಅನ್ನ ಕೊಡಬೇಕು ಎಂಬುದಕ್ಕೆ ಅದನ್ನು ಆಧಾರ ಮಾಡಿಕೊಂಡ. 13ನೇ ಶತಮಾನದ ದೊಡ್ಡ ಪಂಡಿತ ಸಂತ ಥಾಮಸ್ ಅಕ್ವಿನಾಸ್ ಪ್ರಾಣಿಗಳಿಗೆ ವಿವೇಕಶಕ್ತಿ ಇಲ್ಲ, ಅವು ಇರುವುದು ಮನುಷ್ಯನ ಉಪಯೋಗಕ್ಕೆ ಎಂದು ವಾದಿಸಿದ. ಪ್ರಾಣಿಹಿಂಸೆ ತಪ್ಪು ಎಂದು ಅವನೂ ಹೇಳಿದ. ಆದರೆ ಅವನು ಕೊಟ್ಟ ಮುಖ್ಯ ಕಾರಣ, ಪ್ರಾಣಿಗೆ ಕ್ರೂರನಾದವನು ನಾಳೆ ಮನುಷ್ಯನಿಗೂ ಕ್ರೂರನಾಗುತ್ತಾನೆ ಎಂಬುದು. ನೋವು ತಿನ್ನುವ ಪ್ರಾಣಿಯ ಪರವಾಗಿ ನೇರವಾಗಿ ಯಾರೂ ನಿಂತಂತಾಗಲಿಲ್ಲ.

ಅದೇ 13ನೇ ಶತಮಾನದಲ್ಲಿ, ಅಕ್ವಿನಾಸ್‌ಗಿಂತ ಸ್ವಲ್ಪ ಮೊದಲು, ಇಟಲಿಯ ಅಸಿಸಿ ಊರಿನ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ ಬೇರೆಯೇ ದಾರಿ ಹಿಡಿದಿದ್ದ. ಸಿರಿತನ ಬಿಟ್ಟು ಸನ್ಯಾಸಿಯಾದ ಅವನು ಹಕ್ಕಿಗಳನ್ನೂ ತೋಳವನ್ನೂ ಅಣ್ಣತಂಗಿ ಎಂದು ಕರೆಯುತ್ತಿದ್ದನೆಂದು ಅವನ ಕಥೆಗಳು ಹೇಳುತ್ತವೆ. ಹಕ್ಕಿಗಳಿಗೆ ಉಪದೇಶ ಮಾಡಿದ್ದು, ಗುಬ್ಬಿಯೋ ಎಂಬ ಊರಿನ ತೋಳವನ್ನು ಸಮಾಧಾನಪಡಿಸಿದ್ದು ಭಕ್ತರ ಬಾಯಲ್ಲಿ ಉಳಿದುಬಂದ ಕಥೆಗಳು. ಆದರೆ ಒಂದು ಸಂಗತಿಗೆ ಇಸವಿ ಇದೆ. 1223ರ ಕ್ರಿಸ್‌ಮಸ್ ರಾತ್ರಿ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅವನು ಹುಲ್ಲು ಹಾಸಿದ ಗೋದಲಿ ಇಟ್ಟು, ಅದರ ಪಕ್ಕ ನಿಜವಾದ ಎತ್ತು ಕತ್ತೆಗಳನ್ನು ನಿಲ್ಲಿಸಿ ಹಬ್ಬ ಆಚರಿಸಿದ. ಇವತ್ತು ಲೋಕದ ತುಂಬ ಮನೆಮನೆಯಲ್ಲಿ ಗೋದಲಿ ಕಟ್ಟುವ ಪದ್ಧತಿಗೆ ಆ ರಾತ್ರಿಯೇ ಮೊದಲು ಎನ್ನುತ್ತಾರೆ. ಎದುರು ಮನೆ ಆಂಟಿಯ ಮಣ್ಣಿನ ಹಸು ಬಂದದ್ದು ಆ ಬಡ ಸನ್ಯಾಸಿಯ ಕೈಯಿಂದ.

ಫ್ರಾನ್ಸಿಸ್ 1226ರ ಅಕ್ಟೋಬರ್ 3ರಂದು ತೀರಿಕೊಂಡ. ಅವನ ಹಬ್ಬ ಅಕ್ಟೋಬರ್ 4ರಂದು. ಅದೇ ದಿನವನ್ನು ಈಗ ವಿಶ್ವ ಪ್ರಾಣಿ ದಿನವಾಗಿ ಆಚರಿಸುತ್ತಾರೆ. ಅವನ ಹೆಸರಿನ ಸನ್ಯಾಸಿಗಳು ನಮ್ಮೂರಿಗೂ ಬಂದಿದ್ದರು. ಮೈಲಾಪುರದ ಲಸ್ ಕಾರ್ನರ್‌ನಲ್ಲಿ ತರಕಾರಿಗೋ ತಿಂಡಿಗೋ ಓಡಾಡುವ ನಮಗೆ ಆ ಹೆಸರು ಎಲ್ಲಿಂದ ಬಂತೆಂಬುದು ಮರೆತೇಹೋಗಿದೆ. 'ಲುಜ್' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಬೆಳಕು. ಅಲ್ಲಿರುವ ಬೆಳಕಿನ ಮಾತೆಯ ಚರ್ಚನ್ನು ಕಟ್ಟಿದವರು ಫ್ರಾನ್ಸಿಸ್‌ನ ಸಂಘದ ಸನ್ಯಾಸಿಗಳು. ಚರ್ಚಿನ ಶಿಲಾಲೇಖ ಹೇಳುವ ವರ್ಷ 1516. ಸುತ್ತ ಕಾಡಿದ್ದ ಕಾಲದ ನೆನಪಿಗೆ ತಮಿಳರು ಅದನ್ನು ಇಂದಿಗೂ 'ಕಾಟ್ಟು ಕೋಯಿಲ್' ಎಂದೇ ಕರೆಯುತ್ತಾರೆ.

ಕಾಫಿ ಅಂಗಡಿಯಲ್ಲಿ ಹುಟ್ಟಿದ ಸಂಘ

ಗ್ರಂಥದ ಮಾತು ಬೀದಿಗಿಳಿಯಲು ಇನ್ನೂ ಆರುನೂರು ವರ್ಷ ಹಿಡಿಯಿತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಕೋಳಿ ಅಂಕ, ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಛೂ ಬಿಡುವುದು ಜನರಿಗೆ ಹಬ್ಬದ ಮೋಜಾಗಿತ್ತು. 1776ರಲ್ಲಿ ಹಂಫ್ರಿ ಪ್ರಿಮಾಟ್ ಎಂಬ ಪಾದ್ರಿ ಪ್ರಾಣಿಗಳ ಮೇಲಿನ ಕ್ರೌರ್ಯ ಪಾಪವೆಂದು ಒಂದು ಪುಸ್ತಕವನ್ನೇ ಬರೆದ. ನೋವು ಮನುಷ್ಯನಿಗಾದರೂ ನೋವೇ, ಪ್ರಾಣಿಗಾದರೂ ನೋವೇ ಎಂಬುದು ಅವನ ವಾದದ ತಿರುಳು. ಕುದುರೆಯ ಬೆನ್ನ ಮೇಲೆ ಕೂತು ಊರೂರು ತಿರುಗಿ ಉಪದೇಶ ಮಾಡಿದ ಜಾನ್ ವೆಸ್ಲಿ 1781ರ ಪ್ರವಚನವೊಂದರಲ್ಲಿ, ಮನುಷ್ಯನ ಜೊತೆ ನರಳುತ್ತಿರುವ ಪ್ರಾಣಿಗಳಿಗೂ ಕೊನೆಯಲ್ಲಿ ಬಿಡುಗಡೆ ಇದೆ ಎಂದ. ಇವರ ಹೆಸರು ನಮಗೆ ಹೊಸದಲ್ಲ. ರಾಯಪೇಟೆಯ ವೆಸ್ಲಿ ಶಾಲೆ, ಮೈಸೂರಿನ ವೆಸ್ಲಿ ಚರ್ಚು, ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿದ ಅಲ್ಲಿನ ವೆಸ್ಲಿ ಮುದ್ರಣಾಲಯ, ಎಲ್ಲವೂ ಇವರ ನೆನಪಿನವೇ.

1822ರಲ್ಲಿ ರಿಚರ್ಡ್ ಮಾರ್ಟಿನ್ ಎಂಬ ಸಂಸದನ ಹಟದಿಂದ ದನ, ಕುದುರೆ, ಕುರಿಗಳನ್ನು ಹಿಂಸಿಸುವುದು ಅಪರಾಧವೆಂಬ ಕಾಯ್ದೆ ಬ್ರಿಟನ್ನಿನಲ್ಲಿ ಬಂತು. ಕಾಯ್ದೆ ಇದ್ದರೆ ಸಾಲದು, ಬೀದಿಯಲ್ಲಿ ನಿಂತು ಕೇಳುವವರು ಬೇಕಲ್ಲ? 1824ರ ಜೂನ್ 16ರಂದು ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಕೆಲವರು ಸೇರಿ ಪ್ರಾಣಿಹಿಂಸೆ ತಡೆಯುವ ಸಂಘ ಕಟ್ಟಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಅವರಲ್ಲೊಬ್ಬ. ಸಂಘದ ಮೊದಲ ಕಾರ್ಯದರ್ಶಿ ಆರ್ಥರ್ ಬ್ರೂಮ್ ಎಂಬ ಪಾದ್ರಿ. ಈ ಕೆಲಸಕ್ಕಾಗಿ ಆತ ತನ್ನ ಚರ್ಚಿನ ಹುದ್ದೆ ಬಿಟ್ಟ. ಸಂಘದ ಸಾಲವನ್ನು ತನ್ನ ತಲೆಯ ಮೇಲೆ ಹೊತ್ತು 1826ರಲ್ಲಿ ಜೈಲಿಗೂ ಹೋದ. ಈ ಸಂಘಕ್ಕೆ 1840ರಲ್ಲಿ ರಾಣಿ ವಿಕ್ಟೋರಿಯಾ 'ರಾಯಲ್' ಎಂಬ ಗೌರವ ಕೊಟ್ಟಳು.

ಬ್ರೂಮ್ ನಂತರ ಸಂಘವನ್ನು ಸಾಲದಿಂದ ಮೇಲೆತ್ತಿ ಉಳಿಸಿದವನು ಲೂಯಿಸ್ ಗೊಂಪರ್ಟ್ಸ್. ಆತ ಯಹೂದಿ. ಮಾಂಸ ತಿನ್ನುತ್ತಿರಲಿಲ್ಲ, ಹಾಲು ಮುಟ್ಟುತ್ತಿರಲಿಲ್ಲ, ಕುದುರೆಗೆ ನೋವೆಂದು ಗಾಡಿಯನ್ನೂ ಹತ್ತುತ್ತಿರಲಿಲ್ಲ. 1832ರಲ್ಲಿ ಸಂಘದವರು ನಮ್ಮದು ಕ್ರೈಸ್ತ ತತ್ವದ ಮೇಲೆ ಮಾತ್ರ ನಡೆಯುವ ಸಂಘ ಎಂದು ತೀರ್ಮಾನಿಸಿದರು. ಗೊಂಪರ್ಟ್ಸ್ ಹೊರಗೆ ನಡೆದು ಬೇರೆ ಸಂಘ ಕಟ್ಟಿಕೊಂಡ. ಶತ್ರುವಿನ ಕತ್ತೆಯನ್ನೂ ಎಬ್ಬಿಸು ಎಂಬ ನಿಯಮ ಬಂದದ್ದೇ ಯಹೂದಿಗಳ ಗ್ರಂಥದಿಂದ. ಅದನ್ನು ಓದುವವರೇ ಹೀಗೆ ಮಾಡಿದರು. ದಯೆಯ ಕೆಲಸಕ್ಕೂ ಬೇಲಿ ಹಾಕಿಕೊಳ್ಳುವ ಈ ಬುದ್ಧಿ ಅವರೊಬ್ಬರಿಗೆ ಸೀಮಿತವಲ್ಲ, ನಮ್ಮೆಲ್ಲರಲ್ಲೂ ಇದೆ.

ಆ ಬೇಲಿಯನ್ನು ಸಡಿಲಿಸಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 1870ರಲ್ಲಿ ಸಂಘದ ಮಹಿಳಾ ಸಮಿತಿ ಶುರುವಾದಾಗ ಏಂಜಲಾ ಬರ್ಡೆಟ್ ಕೂಟ್ಸ್ ಎಂಬ ಶ್ರೀಮಂತ ಮಹಿಳೆ ಅದರ ನಾಯಕಿಯಾದರು. 1875ರಲ್ಲಿ ಕ್ಯಾಥರೀನ್ ಸ್ಮಿಥೀಸ್ ಎಂಬ ಹಿರಿಯ ಮಹಿಳೆ ಮಕ್ಕಳಿಗಾಗಿ 'ಬ್ಯಾಂಡ್ ಆಫ್ ಮರ್ಸಿ' ಎಂಬ ಕೂಟ ಆರಂಭಿಸಿದರು. ಪ್ರಾಣಿಗಳಿಗೆ ನೋವು ಕೊಡುವುದಿಲ್ಲ ಎಂದು ಮಕ್ಕಳಿಂದ ಮಾತು ತೆಗೆದುಕೊಳ್ಳುವುದು ಅದರ ಕೆಲಸ. 1877ರಲ್ಲಿ ಆನಾ ಸೂಯೆಲ್ ಅವರ 'ಬ್ಲ್ಯಾಕ್ ಬ್ಯೂಟಿ' ಪ್ರಕಟವಾಯಿತು. ಕಾನ್ವೆಂಟ್‌ನಲ್ಲಿ ಓದಿದ ನಮ್ಮಲ್ಲಿ ಹಲವರು ಇದನ್ನು ಓದಿ ಅತ್ತಿದ್ದೇವೆ. ಕ್ವೇಕರ್ ಎಂಬ ಶಾಂತಿಪ್ರಿಯ ಕ್ರೈಸ್ತ ಪಂಗಡದ ಮನೆಯಲ್ಲಿ ಬೆಳೆದ ಆನಾ, 14ನೇ ವಯಸ್ಸಿನಲ್ಲಿ ಬಿದ್ದು ಕಾಲು ಕೆಡಿಸಿಕೊಂಡಿದ್ದರು. ನಡೆಯಲಾಗದ ಅವರಿಗೆ ಕುದುರೆಯೇ ಕಾಲಾಯಿತು. ಹಾಸಿಗೆ ಹಿಡಿದು ಬರೆದ ಆ ಒಂದೇ ಕಾದಂಬರಿಯಲ್ಲಿ ಕುದುರೆಯ ಬಾಯಿಂದಲೇ ಕಥೆ ಹೇಳಿಸಿದರು. ಅಂದಕ್ಕಾಗಿ ಕುದುರೆಯ ಕತ್ತನ್ನು ಬಿಗಿದು ಮೇಲೆತ್ತಿ ಕಟ್ಟುವ ಲಗಾಮಿನ ವಿರುದ್ಧ ಜನರ ಮನಸ್ಸು ತಿರುಗಲು ಈ ಪುಸ್ತಕ ದೊಡ್ಡ ಕಾರಣವಾಯಿತು. ಪ್ರಕಟವಾದ ಕೆಲವೇ ತಿಂಗಳಲ್ಲಿ, 1878ರಲ್ಲಿ, ಅವರು ತೀರಿಕೊಂಡರು.

ಜಟಕಾ ಕುದುರೆಗಳ ಮದರಾಸು

ಈ ಸಂಘದ ಮಾದರಿ ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರ ಕಲ್ಕತ್ತಾದಲ್ಲಿ ಮೊದಲ ಪ್ರಾಣಿದಯಾ ಸಂಘ ಆರಂಭಿಸಿದ. ಬಂಗಾಳಿ ಲೇಖಕ ಪ್ಯಾರಿಚಾಂದ್ ಮಿತ್ರ ಅವನ ಜೊತೆ ನಿಂತು ದುಡಿದರು. ಬೊಂಬಾಯಿಯಲ್ಲಿ ಇದೇ ಕೆಲಸಕ್ಕೆ ಪಾರ್ಸಿಗಳು ಹಣ ಸುರಿದರು. ಪರೇಲ್‌ನ ಪ್ರಾಣಿಗಳ ಆಸ್ಪತ್ರೆಗೆ ದಿನ್‌ಷಾ ಪೆಟಿಟ್ ಅವರ ಪತ್ನಿ ಬಾಯಿ ಸಕರ್‌ಬಾಯಿ ಅವರ ಹೆಸರಿದೆ. ಮುದಿ ದನಗಳಿಗೆ ಪಿಂಜ್ರಾಪೋಲ್ ಕಟ್ಟುವ ಗುಜರಾತಿ, ಜೈನರ ಪದ್ಧತಿ ಇಂಥ ಸಂಘಗಳಿಗಿಂತ ಎಷ್ಟೋ ಹಳೆಯದು. ನಮ್ಮ ಅಯನಾವರಂನಲ್ಲೂ ಒಂದು ಪಿಂಜ್ರಾಪೋಲ್ ಇದೆ. ಅಂದರೆ ಭಾರತಕ್ಕೆ ಕಾಲಿಟ್ಟ ಕೂಡಲೇ ಆ ಕೆಲಸ ಒಂದು ಧರ್ಮದವರದ್ದಾಗಿ ಉಳಿಯಲಿಲ್ಲ.

ಮದರಾಸಿನಲ್ಲಿ ಈ ಕೆಲಸದ ಕೇಂದ್ರ ವೇಪೇರಿ. 19ನೇ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಇಲ್ಲಿನ ಪ್ರಾಣಿಹಿಂಸಾ ನಿವಾರಣಾ ಸಂಘ ವೇಪೇರಿಯಲ್ಲಿ ನೆಲೆಗೊಂಡಿತು. ಅದೇ ವೇಪೇರಿಯಲ್ಲಿ 1903ರಲ್ಲಿ ಮದರಾಸು ಪಶುವೈದ್ಯ ಕಾಲೇಜು ತೆರೆಯಿತು. ಬಸ್ಸು ಬರುವ ಮೊದಲು ಈ ಊರು ಓಡಾಡುತ್ತಿದ್ದುದು ಜಟಕಾಗಳಲ್ಲಿ. ಸರಕು ಸಾಗುತ್ತಿದ್ದುದು ಎತ್ತಿನ ಗಾಡಿಗಳಲ್ಲಿ. ಬೇಸಿಗೆಯ ಟಾರು ರಸ್ತೆ, ಹೆಗಲ ಮೇಲೆ ನೊಗದ ಹುಣ್ಣು, ಹೊರಲಾರದ ಹೊರೆ ಅಂದಿನ ದಿನನಿತ್ಯದ ನೋಟ. 1890ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದ ಮೇಲೆ ಇಂಥದ್ದನ್ನು ಕಂಡವರು ದೂರು ಕೊಡುವಂತಾಯಿತು.

ಇಲ್ಲಿಯೂ ಒಂದು ಕಹಿ ಇದೆ. ದಂಡ ಬೀಳುತ್ತಿದ್ದುದು ಹೆಚ್ಚಾಗಿ ಬಡ ಗಾಡಿಯವನಿಗೆ. ಅದೇ ಕಾಲದಲ್ಲಿ ಊಟಿಯ ಬಯಲಿನಲ್ಲಿ ಸಾಹೇಬರು ಬೇಟೆನಾಯಿಗಳ ಹಿಂಡು ಬಿಟ್ಟುಕೊಂಡು ನರಿ ಅಟ್ಟಿಸುತ್ತಿದ್ದರು. ಅದು ಗೌರವದ ಆಟ ಎನಿಸಿಕೊಳ್ಳುತ್ತಿತ್ತು. ಮದರಾಸು ನಗರಸಭೆ ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕ್ರಮ 19ನೇ ಶತಮಾನದಿಂದ ಸ್ವಾತಂತ್ರ್ಯ ಬಂದ ಮೇಲೂ ನಡೆದುಕೊಂಡು ಬಂತು. ಕುದುರೆಗೆ ದಯೆ ತೋರಿದ ಊರಿಗೆ ನಾಯಿ ಕಾಣಲಿಲ್ಲ. ಯಾವ ಪ್ರಾಣಿ ನಮ್ಮ ದಯೆಯ ಒಳಗೆ, ಯಾವುದು ಹೊರಗೆ ಎಂಬುದನ್ನು ನಮ್ಮ ಅನುಕೂಲವೇ ತೀರ್ಮಾನಿಸುತ್ತದೆ.

ಅಡ್ಯಾರಿನಿಂದ ದೆಹಲಿಗೆ

ಸ್ವತಂತ್ರ ಭಾರತದ ಪ್ರಾಣಿದಯಾ ಕಾಯ್ದೆ ಹುಟ್ಟಿದ್ದು ಚೆನ್ನೈನ ಒಬ್ಬ ಹೆಣ್ಣುಮಗಳ ಹಟದಿಂದ. ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್ ಅವರನ್ನು ನಾವೆಲ್ಲ ಭರತನಾಟ್ಯದ ಮೂಲಕ ಬಲ್ಲೆವು. 1904ರಲ್ಲಿ ಮಧುರೆಯಲ್ಲಿ ಹುಟ್ಟಿದ ಅವರು 1920ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಅವರನ್ನು ಮದುವೆಯಾದಾಗ ಊರೇ ಮಾತಾಡಿಕೊಂಡಿತ್ತು. ಈ ಜಾರ್ಜ್ ಅರುಂಡೇಲ್ ಮುಂದೆ ಲಿಬರಲ್ ಕ್ಯಾಥೊಲಿಕ್ ಚರ್ಚ್ ಎಂಬ ಸಣ್ಣ ಪಂಗಡದ ಬಿಷಪ್ ಕೂಡ ಆದರು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಅಡ್ಯಾರಿನ ಸೊಸೈಟಿಯ ತೋಪಿನಲ್ಲಿ ಇಂದಿಗೂ ದೇವಸ್ಥಾನ, ಬೌದ್ಧ ಮಂದಿರ, ಮಸೀದಿ, ಚರ್ಚು ಎಲ್ಲವೂ ಇವೆ. ಗೊಂಪರ್ಟ್ಸ್‌ನನ್ನು ಹೊರಗೆ ಕಳಿಸಿದ ಬೇಲಿ ಆ ತೋಪಿನಲ್ಲಿ ಇರಲಿಲ್ಲ.

1952ರಲ್ಲಿ ರುಕ್ಮಿಣಿದೇವಿ ರಾಜ್ಯಸಭೆಗೆ ನಾಮಕರಣಗೊಂಡರು. ಕಲಾವಿದೆ ಕಲೆಯ ಬಗ್ಗೆ ಮಾತಾಡುತ್ತಾರೆಂದು ಎಲ್ಲರೂ ಎಣಿಸಿದ್ದರೆ, ಅವರು ಮುಂದಿಟ್ಟದ್ದು ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ. 1890ರ ಕಾಯ್ದೆ ಸಾಲದು ಎಂದು ಅವರು ವಾದಿಸಿದರು. ಚರ್ಚೆಯ ಕೊನೆಗೆ ಪ್ರಧಾನಿ ನೆಹರೂ ಎದ್ದು, ಸರ್ಕಾರವೇ ಸಮಿತಿ ನೇಮಿಸಿ ಮಸೂದೆ ತರುತ್ತದೆ, ಇದನ್ನು ಹಿಂತೆಗೆದುಕೊಳ್ಳಿ ಎಂದು ಕೇಳಿಕೊಂಡರು. ಅವರು ಹಿಂತೆಗೆದುಕೊಂಡರು, ಆದರೆ ಬೆನ್ನು ಬಿಡಲಿಲ್ಲ. 1960ರ ಡಿಸೆಂಬರ್ 26ರಂದು ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ಕಾಯ್ದೆಯ ಪ್ರಕಾರ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು. ರುಕ್ಮಿಣಿದೇವಿ ಅದರ ಮೊದಲ ಅಧ್ಯಕ್ಷೆ. ಹಲವು ದಶಕ ಅದರ ಕಚೇರಿ ನಮ್ಮ ಚೆನ್ನೈನಲ್ಲೇ ಇತ್ತು.

ಹೊರಲಾರದ ಹೊರೆ ಹೊರಿಸುವುದು, ಹಸಿವು ಬಾಯಾರಿಕೆಯಲ್ಲಿ ಕಟ್ಟಿಹಾಕುವುದು, ಗಾಯವಾದ ಪ್ರಾಣಿಯನ್ನು ದುಡಿಸುವುದು, ಹಾಲು ಹೆಚ್ಚಿಸಲು ಹಸುವಿಗೆ ಮಾಡುವ 'ಫೂಕಾ' ಎಂಬ ಕ್ರೂರ ಪದ್ಧತಿ, ಎಲ್ಲವನ್ನೂ ಕಾಯ್ದೆ ಅಪರಾಧವೆನ್ನುತ್ತದೆ. ಅದರ ಪಟ್ಟಿ ಓದುವಾಗ ವಿಮೋಚನಕಾಂಡದ ಆ ಹಳೆಯ ನಿಯಮಗಳು ಕಣ್ಣ ಮುಂದೆ ಬರುತ್ತವೆ. ಆದರೆ ಅಂದು ಮೊದಲ ತಪ್ಪಿಗೆ ಬರೆದ ದಂಡ ಹೆಚ್ಚೆಂದರೆ 50 ರೂಪಾಯಿ. ಅರವತ್ತು ವರ್ಷ ಕಳೆದರೂ ಆ ಮೊತ್ತ ಬದಲಾಗದೆ ಉಳಿಯಿತು. ಇವತ್ತು ಹೋಟೆಲಿನಲ್ಲಿ ಒಂದು ಫಿಲ್ಟರ್ ಕಾಫಿ ಕುಡಿಯುವ ದುಡ್ಡು ಅದು.

ಜಕ್ಕೂರಿನ ಹುಡುಗಿ, ಮಳೆಯ ನಾಯಿಮರಿ

ಹೊರಗೇ ಉಳಿದಿದ್ದ ಬೀದಿನಾಯಿಗೂ ಕೊನೆಗೆ ಒಬ್ಬರು ಸಿಕ್ಕರು. ಇಲ್ಲಿ ನಮ್ಮ ಕರ್ನಾಟಕದ ನಂಟೂ ಇದೆ. ಉಷಾ ಸುಂದರಂ ಬೆಂಗಳೂರಿನ ಜಕ್ಕೂರು ವಿಮಾನ ಶಾಲೆಯಲ್ಲಿ ಕಲಿತು 1949ರಲ್ಲಿ ಹೊರಬಂದ ಪೈಲಟ್. ಪತಿ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ಹಾರಿಸಿದವರು. 1951ರಲ್ಲಿ ದಂಪತಿ ಮದರಾಸು ಸರ್ಕಾರ ಕೊಂಡ ಡವ್ ವಿಮಾನವನ್ನು ಲಂಡನ್ನಿನಿಂದ ಬೊಂಬಾಯಿಗೆ 27 ಗಂಟೆಯಲ್ಲಿ ತಂದು ದಾಖಲೆ ಮಾಡಿದರು.

1959ರಲ್ಲಿ ಮದರಾಸಿನಲ್ಲಿ ಜೋರು ಮಳೆ ಸುರಿದು ಪ್ರವಾಹ ಬಂದಾಗ, ನೀರಿನಲ್ಲಿ ಒದ್ದಾಡುತ್ತಿದ್ದ ನಾಯಿಮರಿಗಳನ್ನು ಕ್ಯಾಪ್ಟನ್ ಸುಂದರಂ ಎತ್ತಿ ಮನೆಗೆ ತಂದರು. ಟಿ. ನಗರದ ಆ ಮನೆಯೇ ಆಸ್ಪತ್ರೆಯಾಯಿತು. ಅಲ್ಲಿಂದ ಬೆಳೆದದ್ದು ಇಂದಿನ ಬ್ಲೂ ಕ್ರಾಸ್ ಆಫ್ ಇಂಡಿಯಾ. 1964ರಲ್ಲಿ ಅದು ನೋಂದಣಿಯಾಯಿತು. ನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡುವ ಯೋಜನೆಯನ್ನು ಅವರ ಮಗ ಚಿನ್ನಿ ಕೃಷ್ಣ ಮುಂದಿಟ್ಟರು. ನಗರಸಭೆ ಒಪ್ಪಲು ಮೂವತ್ತು ವರ್ಷ ಬೇಕಾಯಿತು. 1996ರಲ್ಲಿ ಚೆನ್ನೈನಲ್ಲಿ ಅದು ಆರಂಭವಾಗಿ, 2001ರಲ್ಲಿ ಇಡೀ ದೇಶದ ನಿಯಮವಾಯಿತು. ಉಷಾ ಅವರು 2010ರಲ್ಲಿ ತೀರಿಕೊಂಡರು.

ಸುಂದರಂ ದಂಪತಿ ಕ್ರೈಸ್ತರಲ್ಲ. ಆದರೆ ಬಾವಿಗೆ ಬಿದ್ದ ಎತ್ತನ್ನು ಹಬ್ಬದ ದಿನವಾದರೂ ಮೇಲೆತ್ತು ಎಂದು ಯೇಸು ಹೇಳಿದ್ದನ್ನು ಅವರು ಆ ಮಳೆಯಲ್ಲಿ ಮಾಡಿ ತೋರಿಸಿದರು. ಕ್ರೈಸ್ತ ಬೋಧನೆಯೂ ಈಗ ಸಾಕಷ್ಟು ದೂರ ಬಂದಿದೆ. ಪ್ರಾಣಿಗಳಿಗೆ ದಯೆ ತೋರುವುದು ಮನುಷ್ಯನ ಕರ್ತವ್ಯ, ಕಾರಣವಿಲ್ಲದೆ ಅವುಗಳನ್ನು ನರಳಿಸುವುದು ಕೊಲ್ಲುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂದು 1992ರ ಕ್ಯಾಥೊಲಿಕ್ ಧರ್ಮಬೋಧೆಯ ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ. ಅಸಿಸಿಯ ಸಂತನ ಹೆಸರನ್ನೇ ಇಟ್ಟುಕೊಂಡ ಪೋಪ್ ಫ್ರಾನ್ಸಿಸ್ 2015ರ ತಮ್ಮ ಪತ್ರದಲ್ಲಿ, ಭೂಮಿಯನ್ನು ಆಳುವ ಅಧಿಕಾರವೆಂದರೆ ಬೇಕಾದ್ದು ಮಾಡುವ ಅಧಿಕಾರವಲ್ಲ, ನೋಡಿಕೊಳ್ಳುವ ಹೊಣೆ ಎಂದು ತಿಳಿಸಿದರು.

ಎಳ್ಳು ಬೆಲ್ಲದ ದಿನ

ನಮ್ಮ ಅಪಾರ್ಟ್‌ಮೆಂಟಿನಲ್ಲೂ ಬೀದಿನಾಯಿಯ ಜಗಳ ಇದ್ದದ್ದೇ. ಅನ್ನ ಹಾಕುವವರು ಒಂದು ಕಡೆ, ಮಕ್ಕಳಿಗೆ ಕಚ್ಚೀತೆಂದು ಹೆದರುವವರು ಇನ್ನೊಂದು ಕಡೆ. ಹೆದರುವವರ ಭಯ ಸುಳ್ಳಲ್ಲ, ಹುಚ್ಚುನಾಯಿ ರೋಗ ಬಂದರೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಒಮ್ಮೆ ಮೋಟರ್‌ಬೈಕ್ ತಗುಲಿ ಗೇಟಿನ ಮುಂದೆ ನಾಯಿಯೊಂದು ಕಾಲು ಮುರಿದುಕೊಂಡು ಬಿದ್ದಾಗ, ಗೋಣಿಚೀಲ ತಂದು ಒಂದು ತುದಿ ಹಿಡಿದವರು ಅನ್ನ ಹಾಕುವ ಹುಡುಗಿ. ಇನ್ನೊಂದು ತುದಿ ಹಿಡಿದವರು ಮೀಟಿಂಗಿನಲ್ಲಿ ಎಲ್ಲರಿಗಿಂತ ಜೋರಾಗಿ ನಾಯಿಗಳನ್ನು ವಿರೋಧಿಸಿದ್ದ ಅಜ್ಜ. ಆಟೋದಲ್ಲಿ ಇಬ್ಬರೂ ಜೊತೆಯಲ್ಲೇ ಹೋದರು. ಜಗಳ ಮುಗಿಯಲಿಲ್ಲ. ಆದರೆ ಮುಂದಿನ ಮೀಟಿಂಗಿನಲ್ಲಿ ಮಾತಿನ ದನಿ ಇಳಿದಿತ್ತು, ಬೀದಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿಸಲು ಚಂದಾ ಎತ್ತುವುದೆಂದು ತೀರ್ಮಾನವಾಯಿತು. ಶತ್ರುವಿನ ಕತ್ತೆಯ ನಿಯಮ ಯಾಕೆ ಬರೆದಿದ್ದಾರೆಂದು ನನಗೆ ಅರ್ಥವಾದದ್ದು ಅಂದು.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲ, ಕಬ್ಬು, ಸಕ್ಕರೆ ಅಚ್ಚಿನ ತಟ್ಟೆ ಹಿಡಿದು ಎದುರು ಮನೆಗೆ ಹೋದಾಗ ಆಂಟಿ ಗೋದಲಿಯ ಗೊಂಬೆಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದರು. ಮಂಡ್ಯ, ಮೈಸೂರಿನ ಕಡೆ ಅಂದು ದನಕರುಗಳಿಗೆ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುತ್ತಾರೆ ಎಂದು ನಾನು ಹೇಳಿದೆ. "ನಮಗೂ ಉಂಟಮ್ಮ," ಎಂದರು ಅವರು. "ಮಾಟ್ಟುಪ್ಪೊಂಗಲ್ ಆದ ಮೇಲೆ 17ನೇ ತಾರೀಖು ವನತ್ತು ಅಂತೋಣಿಯಾರ್ ಹಬ್ಬ. ನಮ್ಮ ಅಪ್ಪನ ಊರಲ್ಲಿ ಎತ್ತುಗಳನ್ನು ಸಿಂಗರಿಸಿ ಚರ್ಚಿನ ಮುಂದೆ ಹಿಡಿದು ತರೋರು, ಫಾದರ್ ನೀರು ಚಿಮುಕಿಸಿ ಹರಸೋರು."

ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿ 4ನೇ ಶತಮಾನದಲ್ಲಿ ತೀರಿಕೊಂಡ ಸಂತ ಅಂತೋಣಿ ಸಾಕುಪ್ರಾಣಿಗಳನ್ನು ಕಾಯುವವನೆಂದು ಕ್ಯಾಥೊಲಿಕರ ನಂಬಿಕೆ. ರೋಮ್‌ನಲ್ಲೂ ಸ್ಪೇನಿನಲ್ಲೂ ಜನವರಿ 17ರಂದು ಪ್ರಾಣಿಗಳನ್ನು ಚರ್ಚಿಗೆ ಕರೆತಂದು ಹರಸುತ್ತಾರೆ. ನಮ್ಮ ಸಂಕ್ರಾಂತಿ, ತಮಿಳರ ಮಾಟ್ಟುಪ್ಪೊಂಗಲ್, ಈ ಅಂತೋಣಿಯ ಹಬ್ಬ ಮೂರೂ ಮೂರು ನಾಲ್ಕು ದಿನದ ಒಳಗೇ ಬರುತ್ತವೆ.

ಮಗಳು ಆಂಟಿಯ ಕೈಯಿಂದ ಮಣ್ಣಿನ ಹಸುವನ್ನು ಇಸಿದುಕೊಂಡು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟಳು. ಆಮೇಲೆ ನಮ್ಮ ಮನೆಗೆ ಬಂದು ಬಾಲ್ಕನಿಯಲ್ಲಿ ಕಾಗೆಗೂ ಅಳಿಲಿಗೂ ಇಡುವ ನೀರಿನ ಬಟ್ಟಲು ತೊಳೆದು ತುಂಬಿಟ್ಟಳು. ಅಗ್ನಿ ನಕ್ಷತ್ರಕ್ಕೆ ಇನ್ನೂ ನಾಲ್ಕು ತಿಂಗಳಿದೆ ಎಂದೆ. "ಬಾಯಾರಿಕೆ ಈಗಲೂ ಆಗುತ್ತಲ್ಲಮ್ಮಾ," ಎಂದಳು.